ಯೋಬನಿಗೆ ಎಷ್ಟು ಮಕ್ಕಳು?

ಮಗು ಕಳೆದುಕೊಂಡವರ ಈ ಕೂಟಕ್ಕೆ ಬಂದ ಎಲ್ಲರಿಗೂ ವಂದನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಡುವೆ ಯಾರಿಗಾದರೂ ಎದ್ದು ಹೋಗಬೇಕು ಅನ್ನಿಸಿದರೆ ಸುಮ್ನೆ ಎದ್ದು ಹೋಗಿ, ಯಾರೂ ತಿರುಗಿ ನೋಡುವುದಿಲ್ಲ. ಮಗು ಹೋದ ಮೊದಲ ವರ್ಷ ನಾನೂ ಇಂಥ ಎರಡು ಕೂಟಗಳಿಂದ ಅರ್ಧಕ್ಕೇ ಎದ್ದು ಬಂದಿದ್ದೇನೆ.

ನಮ್ಮ ಮಗಳಿಗೆ ಆರು ವರ್ಷ ಆಗಿತ್ತು. ಕಾಯಿಲೆಯ ವಿವರ ಬೇಡ. ಅವಳು ಹೋದ ಮೇಲೆ ನನಗೆ ತುಂಬಾ ಕಷ್ಟ ಕೊಟ್ಟ ಪ್ರಶ್ನೆ ಯಾವುದು ಗೊತ್ತಾ? ದೇವರು ಯಾಕೆ ಹೀಗೆ ಮಾಡಿದರು ಅನ್ನುವುದಲ್ಲ. ಅದು ರಾತ್ರಿ ಬರುವ ಪ್ರಶ್ನೆ. ಹಗಲಿನದು ಬೇರೆ: "ನಿಮಗೆ ಎಷ್ಟು ಮಕ್ಕಳು?" ಹೊಸದಾಗಿ ಪರಿಚಯವಾದವರು ಮಾತಿಗೆ ಅಂತ ಕೇಳುತ್ತಾರೆ, ಪಾಪ, ಅವರದೇನೂ ತಪ್ಪಿಲ್ಲ. ಒಬ್ಬ ಮಗ ಅಂದರೆ ಅವಳನ್ನು ಇನ್ನೊಂದು ಸಲ ಮಣ್ಣು ಮಾಡಿದ ಹಾಗೆ. ಇಬ್ಬರು ಅಂದರೆ, ದೊಡ್ಡವಳು ಎಷ್ಟನೇ ಕ್ಲಾಸು ಅಂತ ಕೇಳುತ್ತಾರೆ. ನಾನು ತುಂಬಾ ದಿನ ಕೇಳಿಸದವನ ಹಾಗೆ ಬೇರೆ ಮಾತು ತೆಗೆಯುತ್ತಿದ್ದೆ.

ಸಮಾಧಾನ ಹೇಳೋಕೆ ಬಂದವರು ಏನೇನು ಹೇಳಿದರು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ದೇವರು ಒಳ್ಳೆಯವರನ್ನೇ ಬೇಗ ಕರೆದುಕೊಳ್ಳುತ್ತಾರೆ. ಇನ್ನೊಂದು ಮಗು ಆಗುತ್ತೆ ಬಿಡಿ. ಇವ್ಯಾವೂ ಸತ್ಯವೇದದ, ಅಂದರೆ ಬೈಬಲ್ಲಿನ, ಮಾತಲ್ಲ. ಇನ್ನು ಕೆಲವರು ಸತ್ಯವೇದದ ವಚನವನ್ನೇ ಅರ್ಧ ಹೇಳಿ ಹೋಗುತ್ತಾರೆ: "ದುಃಖಪಡಬೇಡಿ." ಅಪೊಸ್ತಲ ಪೌಲ ಥೆಸಲೊನೀಕ ಊರಿನ ವಿಶ್ವಾಸಿಗಳಿಗೆ ಬರೆದದ್ದು ಅಷ್ಟೇ ಅಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತ. ನಿರೀಕ್ಷೆ ಇರುವವರೂ ಅಳುತ್ತಾರೆ, ಅಳುವ ರೀತಿ ಬೇರೆ, ಅಷ್ಟೇ. ತಮ್ಮ ಸ್ನೇಹಿತ ಲಾಜರನ ಸಮಾಧಿಯ ಹತ್ತಿರ ಯೇಸುಸ್ವಾಮಿ ಕಣ್ಣೀರು ಬಿಟ್ಟರು. ಇನ್ನು ಸ್ವಲ್ಪ ಹೊತ್ತಿಗೆ ಅವನು ಎದ್ದು ಬರುತ್ತಾನೆ ಅಂತ ಗೊತ್ತಿದ್ದೂ ಅತ್ತರು. ಆಮೇಲೆ ನನ್ನ ಕಣ್ಣೀರಿಗೆ ನಂಬಿಕೆ ಸಾಲದು ಅಂತ ಯಾರು ಹೇಳಿದರೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನಾಯಿನ್ ಎಂಬ ಊರಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡ ವಿಧವೆಗೆ ಯೇಸುಸ್ವಾಮಿ "ಅಳಬೇಡ" ಅಂದದ್ದೂ ಉಂಟು. ಆದರೆ ಅಂದವರು ಮುಂದೆ ಹೋಗಿ ಚಟ್ಟ ಮುಟ್ಟಿ, ಆ ಹುಡುಗನನ್ನು ಎಬ್ಬಿಸಿ ತಾಯಿಗೆ ಕೊಟ್ಟರು. ಅಷ್ಟು ಮಾಡುವವರು ಅಳಬೇಡ ಅನ್ನಲಿ. ಉಳಿದವರು ಸುಮ್ಮನಿರುವುದು ಒಳ್ಳೆಯದು.

ಅಲ್ಲೇ ನನಗೆ ಇನ್ನೊಂದು ಮುಳ್ಳು ಚುಚ್ಚಿತು. ಆ ಹುಡುಗ ಎದ್ದ. ಸಭಾಮಂದಿರದ ಅಧಿಕಾರಿ ಯಾಯೀರನ ಮಗಳು, ಹನ್ನೆರಡು ವರ್ಷದವಳು, ಅವಳೂ ಎದ್ದಳು. ನನ್ನ ಮಗಳು ಏಳಲಿಲ್ಲ. ನಾವು ಪ್ರಾರ್ಥನೆ ಮಾಡಲಿಲ್ಲವಾ? ನಮ್ಮ ಚರ್ಚಿನ ಸಭೆಯೇ ಉಪವಾಸ ಕೂತಿತ್ತು. ತಿಂಗಳುಗಟ್ಟಲೆ ಆ ಅಧ್ಯಾಯಗಳು ಬಂದರೆ ಪುಟ ಮಗುಚಿ ಮುಂದೆ ಹೋಗುತ್ತಿದ್ದೆ. ಓದೋಕೆ ಆಗುತ್ತಿದ್ದದ್ದು ಒಂದೇ, 88ನೇ ಕೀರ್ತನೆ. ಬೇರೆ ಎಷ್ಟೋ ಕೀರ್ತನೆಗಳು ಗೋಳಿನಿಂದ ಶುರುವಾದರೂ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಇಂಥದ್ದನ್ನೂ ತೆಗೆದುಹಾಕದೆ ಪ್ರಾರ್ಥನೆ ಅಂತ ಇಟ್ಟುಕೊಂಡಿದ್ದಾರಲ್ಲ, ಹಾಗಾದರೆ ನನಗೂ ಇಲ್ಲಿ ಜಾಗ ಇದೆ ಅನ್ನಿಸಿತು.

ರಾಜ ದಾವೀದನೂ ಕಾಯಿಲೆ ಬಿದ್ದ ಮಗುವಿಗಾಗಿ ಏಳು ದಿನ ನೆಲದ ಮೇಲೆ ಬಿದ್ದು ಬೇಡಿಕೊಂಡ, ಮಗು ಉಳಿಯಲಿಲ್ಲ. ಸುದ್ದಿ ತಿಳಿದ ಮೇಲೆ ಎದ್ದು, ಸ್ನಾನ ಮಾಡಿ, ಊಟಕ್ಕೆ ಕೂತ. ನಾನು ಅದರ ಬಳಿಗೆ ಹೋಗುತ್ತೇನೆ, ಅದು ನನ್ನ ಬಳಿಗೆ ಬರುವುದಿಲ್ಲ ಅಂದ. ಅದೇ ದಾವೀದ ಮುಂದೆ ಬೆಳೆದ ಮಗ ಅಬ್ಷಾಲೋಮ ಸತ್ತಾಗ ಊರಬಾಗಿಲ ಮೇಲಿನ ಕೋಣೆಗೆ ಹತ್ತುತ್ತಾ, ನಿನ್ನ ಬದಲು ನಾನು ಸಾಯಬಾರದಿತ್ತೇ ಮಗನೇ, ಮಗನೇ ಅಂತ ಹುಯ್ಯಲಿಟ್ಟ. ಒಬ್ಬನೇ ಮನುಷ್ಯ, ಎರಡು ಸಾವು, ಎರಡು ಥರದ ಅಳು. ಗಂಡ ಹೆಂಡತಿಗೆ ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಇದೇ ಜಗಳವಾಯಿತು. ನನ್ನ ಹೆಂಡತಿಗೆ ದಿನಾ ಮಗಳ ಮಾತು ಬೇಕು. ನನಗೆ ಅವಳ ಚಪ್ಪಲಿ ಕಣ್ಣಿಗೆ ಬಿದ್ದರೂ ಮನೆಯಿಂದ ಹೊರಗೆ ಓಡಬೇಕು ಅನ್ನಿಸುತ್ತಿತ್ತು. ನಿಮಗೆ ದುಃಖವೇ ಇಲ್ಲ ಅಂತ ಅವಳು, ನೀನು ಮರೆಯೋಕೇ ಬಿಡಲ್ಲ ಅಂತ ನಾನು.

ದಾವೀದನ ಕಥೆಯಲ್ಲಿ ಒಂದು ಅಪಾಯವೂ ಇದೆ. ಅಲ್ಲಿ ಆ ಮಗುವಿನ ಸಾವಿಗೂ ಅಪ್ಪನ ಪಾಪಕ್ಕೂ ಗಂಟು ಹಾಕಿದೆ. ಓದಿದ ಎಷ್ಟು ತಂದೆ ತಾಯಿಗಳು ತಮ್ಮ ಹಳೆಯ ತಪ್ಪುಗಳ ಲೆಕ್ಕ ತೆಗೆದು ಕೂತಿರುತ್ತಾರೋ. ನಾನಂತೂ ಕೂತಿದ್ದೆ. ಅಂಥವರು ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯ ತೆಗೆಯಿರಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಅಂತ ಕೇಳುತ್ತಾರೆ. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅನ್ನುತ್ತಾರೆ ಯೇಸುಸ್ವಾಮಿ. ಒಬ್ಬ ರಾಜನ ಕಥೆಯನ್ನು ಎಲ್ಲರ ಮನೆಗೂ ತಂದು ಹಚ್ಚುವ ಹಕ್ಕು ಯಾರಿಗೂ ಇಲ್ಲ.

ಮಾರ್ಟಿನ್ ಲೂಥರ್ ಗೊತ್ತಲ್ವಾ? ಜರ್ಮನಿಯ ಧರ್ಮಸುಧಾರಕ, ಪುನರುತ್ಥಾನದ ಬಗ್ಗೆ ಜನ್ಮವಿಡೀ ಬೋಧಿಸಿದವರು. 1542ರ ಸೆಪ್ಟೆಂಬರ್‌ನಲ್ಲಿ ಅವರ ಮಗಳು ಮಗ್ದಲೇನಾ ತೀರಿಕೊಂಡಳು, ವಯಸ್ಸು 13. ಅದಕ್ಕೆ ಮೊದಲೇ, 1528ರಲ್ಲಿ, ಒಂದು ಹಸುಗೂಸನ್ನೂ ಕಳೆದುಕೊಂಡಿದ್ದರು. ಮಗ್ದಲೇನಾ ಹೋದ ಕೆಲವೇ ದಿನಗಳಲ್ಲಿ ಸ್ನೇಹಿತರೊಬ್ಬರಿಗೆ ಬರೆದ ಪತ್ರದಲ್ಲಿ ಅವರು ಹೇಳುವುದು ಇಷ್ಟು: ನಾನೂ ನನ್ನ ಹೆಂಡತಿಯೂ ದೇವರಿಗೆ ಸ್ತೋತ್ರ ಹೇಳಬೇಕು ನಿಜ, ಆದರೆ ಬಿಕ್ಕಳಿಸದೆ ಆಗುತ್ತಿಲ್ಲ, ಕ್ರಿಸ್ತನ ಮರಣವೂ ಈ ನೋವನ್ನು ತೆಗೆಯಬೇಕಾದಷ್ಟು ತೆಗೆಯುತ್ತಿಲ್ಲ. ಅಂಥವರೇ ಹಾಗೆ ಬರೆದಿದ್ದಾರೆ. ಇದನ್ನು ಓದಿದ ದಿನ ನನಗೆ ಎಷ್ಟೋ ಪ್ರಸಂಗಗಳಲ್ಲಿ ಸಿಗದ ಆದರಣೆ ಸಿಕ್ಕಿತು.

ಈಗ ಯೋಬನಿಗೆ ಬರುತ್ತೇನೆ, ಆಸ್ತಿಯನ್ನೂ ಹತ್ತು ಮಕ್ಕಳನ್ನೂ ಕಳೆದುಕೊಂಡ ಸತ್ಯವೇದದ ಮನುಷ್ಯ. ಅವನ ಸ್ನೇಹಿತರು ಬಂದು ಏಳು ದಿನ, ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಅವನ ಜೊತೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು, ಕೊನೆಗೆ ದೇವರೇ ಅವರ ಮೇಲೆ ಸಿಟ್ಟಾಗುತ್ತಾರೆ. ಆದರೆ ನನಗೆ ಬೇಕಾದದ್ದು ಕೊನೆಯ ಅಧ್ಯಾಯದ ಲೆಕ್ಕ. ಯೋಬ ಕಳೆದುಕೊಂಡದ್ದನ್ನೆಲ್ಲ ದೇವರು ಎರಡರಷ್ಟು ಕೊಟ್ಟರು ಅಂತ ಬರೆದಿದೆ. 7,000 ಕುರಿ ಇದ್ದವು, 14,000 ಆದವು. 3,000 ಒಂಟೆ, 6,000 ಆದವು. ಎತ್ತು, ಕತ್ತೆ, ಎಲ್ಲವೂ ಹಾಗೇ. ಮಕ್ಕಳು? ಮೊದಲು ಏಳು ಗಂಡು, ಮೂರು ಹೆಣ್ಣು. ಆಮೇಲೂ ಏಳು ಗಂಡು, ಮೂರು ಹೆಣ್ಣು. ಇಪ್ಪತ್ತು ಆಗಬೇಕಿತ್ತಲ್ಲ? ಆಗಿದೆ ಅಂತಾರೆ ಹಿಂದಿನವರು. ಕುರಿ ಸತ್ತರೆ ಹೋಯಿತು, ಅದಕ್ಕೇ ಎರಡರಷ್ಟು ಹೊಸದು ಕೊಡಬೇಕಾಯಿತು. ಆ ಹತ್ತು ಮಕ್ಕಳು ಹೋದರೂ ದೇವರ ಲೆಕ್ಕದಿಂದ ಹೋಗಿಲ್ಲ. ಯೇಸುಸ್ವಾಮಿ ಹೇಳಿದ್ದೂ ಅದೇ ಅಲ್ವಾ, ದೇವರಿಗೆ ಎಲ್ಲರೂ ಜೀವಿಸುವವರೇ ಅಂತ.

ಇದು ಜಾಣತನದ ಓದು ಅಂತ ನೀವು ಅನ್ನಬಹುದು. ಇರಲಿ. ನನಗೆ ಆ ದಿನ ಬೇಕಾಗಿದ್ದದ್ದು ಕಾರಣ ಅಲ್ಲ. ಯಾಕೆ ಅಂತ ಯೋಬನಿಗೂ ಯಾರೂ ಹೇಳಲಿಲ್ಲ. ನನಗೆ ಬೇಕಾಗಿದ್ದದ್ದು ಅವಳನ್ನು ಎಣಿಸುವ ಇನ್ನೊಬ್ಬರು.

ದೇವರೂ ಮಗನನ್ನು ಕಳೆದುಕೊಂಡವರೇ ಅನ್ನುವ ಮಾತನ್ನು ಒಪ್ಪೋಕೆ ನನಗೆ ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯಿತು. ಅವರ ಮಗ ಮೂರನೇ ದಿನ ವಾಪಸ್ ಬಂದ, ನನ್ನ ಮಗಳು ಬಂದಳಾ ಅಂತ ನಮ್ಮ ಪಾಸ್ಟರ ಮುಖಕ್ಕೇ ಅಂದಿದ್ದೆ. ಅವರು ವಾದ ಮಾಡಲಿಲ್ಲ, ಮುಂದಿನ ವಾರ ಮತ್ತೆ ಬಂದು ಕೂತರು. ಎಷ್ಟೋ ದಿನಗಳ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಎದ್ದು ಬಂದ ಮೇಲೂ ಯೇಸುಸ್ವಾಮಿಯ ಕೈಗಳಲ್ಲಿ ಮೊಳೆಯ ಗಾಯ ಹಾಗೇ ಇತ್ತು, ನಂಬದಿದ್ದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದರು. ಅಂದರೆ ಪುನರುತ್ಥಾನವೂ ಆದದ್ದನ್ನು ಆಗಲೇ ಇಲ್ಲ ಅನ್ನುವ ಹಾಗೆ ಒರೆಸಿಹಾಕುವುದಿಲ್ಲ. ಅಂಥ ದೇವರ ಹತ್ತಿರ ಸಿಟ್ಟಾದರೂ ಮಾಡಿಕೊಳ್ಳಬಹುದು ಅನ್ನಿಸಿತು. ಇವತ್ತಿಗೂ ಕೆಲವು ದಿನ ಮಾಡಿಕೊಳ್ಳುತ್ತೇನೆ.

ಮಗು ಕಳೆದುಕೊಂಡವರ ಜೊತೆ ಬಂದಿರುವ ನೆಂಟರು, ಸ್ನೇಹಿತರು ಇದ್ದೀರಿ. ನೀವು ಆ ಮಗುವಿನ ಹೆಸರು ಎತ್ತೋಕೆ ಹೆದರುತ್ತೀರಿ, ನೆನಪಾಗಿ ಅಳುತ್ತಾರೇನೋ ಅಂತ. ನಾವು ಮರೆತಿದ್ದರೆ ತಾನೇ ನೀವು ನೆನಪಿಸುವುದು? ಹೆಸರು ಹೇಳಿ. ಹುಟ್ಟಿದ ದಿನ ಒಂದು ಫೋನ್ ಮಾಡಿ. ನಮ್ಮ ಸಭೆಯ ಒಬ್ಬ ಅಜ್ಜಿ ನಮ್ಮ ಮನೆಯವರಿಗಾಗಿ ಪ್ರಾರ್ಥನೆ ಮಾಡುವಾಗ ಈಗಲೂ ನಾಲ್ಕು ಹೆಸರು ಹೇಳುತ್ತಾರೆ. ಮೊದಲ ಸಲ ಕೇಳಿದಾಗ ನಾನು ಎದ್ದು ಹೊರಗೆ ಹೋದೆ. ಈಗ ಆ ನಾಲ್ಕನೇ ಹೆಸರಿಗೆ ಕಾಯುತ್ತೇನೆ.

ಇನ್ನೂ ಸ್ವಲ್ಪ ಹೊತ್ತು ಈ ಕೋಣೆ ನಮ್ಮದೇ. ಪ್ರಶ್ನೆ ಕೇಳುವವರು ಕೇಳಿ. ಪ್ರಶ್ನೆ ಇಲ್ಲದವರು ನಿಮ್ಮ ಮಗುವಿನ ಹೆಸರು ಹೇಳಿ ಕೂತುಕೊಂಡರೂ ಆಯಿತು, ಮೈಕ್ ಆ ಕಡೆಯಿಂದ ಬರಲಿ.