ಒಂದೇ ಗುಂಡಿ, ಎಂಟು ದಿಕ್ಕು: ಕಮೊಡೋರ್ 64ರ ಕರಾಟೆ ಆಟಗಳು

ಕೇಳುಗರಿಗೆ ನಮಸ್ಕಾರ.

ಹಳೆಯ ಕಮೊಡೋರ್ 64 ಕಂಪ್ಯೂಟರನ್ನು ಹೊರತೆಗೆದು, ದೂಳು ಒರೆಸಿ, ಮತ್ತೆ ಕರಾಟೆ ಆಟ ಆಡಬೇಕು ಅನ್ನುವವರು ಇವತ್ತಿಗೂ ಇದ್ದಾರೆ. ಆಡಲು ಕೂತಾಗ ಎಷ್ಟೋ ಜನರಿಗೆ ಅಂದಿನ ಮಜಾ ಸಿಗುವುದಿಲ್ಲ. ವಯಸ್ಸಾಯಿತು, ಕೈ ಓಡುತ್ತಿಲ್ಲ ಎಂದು ಎದ್ದುಬಿಡುತ್ತಾರೆ. ಬಹಳ ಸಲ ತಪ್ಪು ಕೈಯದಲ್ಲ, ಜಾಯ್‌ಸ್ಟಿಕ್ಕಿನದು ಅಥವಾ ಟಿವಿಯದು.

ಮೊದಲು ಆಟದ ಜೀವ ಎಲ್ಲಿದೆ ನೋಡೋಣ. 1984ರಲ್ಲಿ ಆರ್ಕೇಡ್‌ಗೆ, ಅಂದರೆ ಕಾಸು ಹಾಕಿ ಆಡುವ ಅಂಗಡಿಯ ಯಂತ್ರಕ್ಕೆ, ಬಂದ ‘ಕರಾಟೆ ಚಾಂಪ್’ನಲ್ಲಿ ಒಬ್ಬೊಬ್ಬ ಆಟಗಾರನಿಗೆ ಎರಡೆರಡು ಜಾಯ್‌ಸ್ಟಿಕ್. ಮನೆಯ ಕಂಪ್ಯೂಟರಿನಲ್ಲಿ ಇದ್ದದ್ದು ಒಂದು ಜಾಯ್‌ಸ್ಟಿಕ್, ಅದಕ್ಕೆ ಒಂದೇ ಗುಂಡಿ. 1985ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಬೀಮ್ ಸಾಫ್ಟ್‌ವೇರ್ ‘ದಿ ವೇ ಆಫ್ ದಿ ಎಕ್ಸ್‌ಪ್ಲೋಡಿಂಗ್ ಫಿಸ್ಟ್’ ಮಾಡಿದಾಗ ಈ ಕೊರತೆಯನ್ನೇ ಆಟವಾಗಿಸಿತು. ಗುಂಡಿ ಒತ್ತದೆ ಎಂಟು ದಿಕ್ಕು, ಒತ್ತಿ ಹಿಡಿದು ಎಂಟು ದಿಕ್ಕು. ಒಟ್ಟು ಹದಿನಾರು ಆಜ್ಞೆ. ಗುಂಡಿ ಒತ್ತಿ ಮೇಲಕ್ಕೆ ತಳ್ಳಿದರೆ ಹಾರಿ ಒದೆಯುತ್ತಾನೆ, ಕೆಳಕ್ಕೆ ಎಳೆದರೆ ಎದುರಾಳಿಯ ಕಾಲು ಬೀಳಿಸುತ್ತಾನೆ. ಆಟಗಾರ ಬೆನ್ನು ತಿರುಗಿಸಿದ ಕೂಡಲೇ ಎಡಬಲ ಅದಲುಬದಲು. ಇದು ಕೈಗೆ ಹತ್ತಲು ಸಮಯ ಬೇಕು, ಹತ್ತಿದ ಮೇಲೆ ಬಿಡುವುದಿಲ್ಲ.

ಇಲ್ಲಿ ಶಕ್ತಿ ತೋರಿಸುವ ಪಟ್ಟಿ ಇಲ್ಲ. ಸರಿಯಾದ ದೂರದಿಂದ ಚೊಕ್ಕವಾಗಿ ತಾಗಿದ ಏಟಿಗೆ ಪೂರ್ತಿ ಅಂಕ, ಅಷ್ಟು ಚೊಕ್ಕವಲ್ಲದ್ದಕ್ಕೆ ಅರ್ಧ. ಎರಡು ಅಂಕಕ್ಕೆ ಸುತ್ತು ಮುಗಿಯಿತು. ಹಾಗಾಗಿ ಸುಮ್ಮನೆ ಗುಂಡಿ ಕುಟ್ಟುವವನು ಸೋಲುತ್ತಾನೆ, ಕಾದು ಹೊಡೆಯುವವನು ಗೆಲ್ಲುತ್ತಾನೆ. ಆರ್ಚರ್ ಮ್ಯಾಕ್ಲೀನ್ 1987ರಲ್ಲಿ ಕೊಟ್ಟ ‘ಇಂಟರ್‌ನ್ಯಾಷನಲ್ ಕರಾಟೆ ಪ್ಲಸ್’ ಒಂದು ಹೆಜ್ಜೆ ಮುಂದೆ ಹೋಗಿ ಅಖಾಡಕ್ಕೆ ಮೂರನೆಯವನನ್ನು ಇಳಿಸಿತು. ಎದುರಿನವನ ಮೇಲೆ ಕಣ್ಣಿಟ್ಟರೆ ಹಿಂದಿನಿಂದ ಏಟು ಬಿತ್ತು. ಸುಮಾರು ಒಂದು ಮೆಗಾಹರ್ಟ್ಸ್ ಪ್ರೊಸೆಸರ್, 64 ಕಿಲೋಬೈಟ್ ನೆನಪು, ಪರದೆಯ ಮೇಲೆ ಓಡಾಡಿಸುವ ಚಿಕ್ಕ ಚಿತ್ರ ಅಂದರೆ ಸ್ಪ್ರೈಟ್ ಎಂಟೇ ಎಂಟು ಇರುವ ಯಂತ್ರದಲ್ಲಿ ಇದನ್ನು ಸಾಧಿಸಿದ್ದು ನಿಜವಾಗಿಯೂ ದೊಡ್ಡ ಕೆಲಸ.

ಇನ್ನು ಯಂತ್ರದ ಮಾತು. ಸ್ವಿಚ್ ಹಾಕುವ ಮೊದಲು ಪವರ್ ಸಪ್ಲೈ ನೋಡಿ, ಇದರಲ್ಲಿ ಆತುರ ಬೇಡವೇ ಬೇಡ. ಆ ಕಪ್ಪು ಡಬ್ಬಿ ಎರಡು ಬಗೆಯ ವಿದ್ಯುತ್ ಕೊಡುತ್ತದೆ: 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ. ವೋಲ್ಟೇಜನ್ನು ಹದದಲ್ಲಿಡುವ ಒಳಗಿನ ರೆಗ್ಯುಲೇಟರ್ ಶಾಖಕ್ಕೆ ಕೆಟ್ಟಾಗ 5 ವೋಲ್ಟ್ ಮೇಲೇರಿ ಮೆಮೊರಿ ಚಿಪ್‌ಗಳನ್ನು ಸುಡುತ್ತದೆ. ಮಲ್ಟಿಮೀಟರಿನಲ್ಲಿ 5.2 ದಾಟಿದರೆ ಅದನ್ನು ಬಳಸಲೇಬೇಡಿ. ತಣ್ಣಗಿದ್ದಾಗ ಸರಿ ತೋರಿಸಿ, ಬಿಸಿಯಾದ ಮೇಲೆ ಕೈಕೊಡುವುದೂ ಉಂಟು. ಹೊಸದಾಗಿ ತಯಾರಾದ ಸಪ್ಲೈ ಕೊಳ್ಳುವುದೇ ಕ್ಷೇಮ. ಇಂಗ್ಲೆಂಡಿನಿಂದ ತಂದ ಯಂತ್ರ ನಮ್ಮ ವಿದ್ಯುತ್ತಿಗೂ ನಮ್ಮಲ್ಲಿ ಬಳಕೆಯ ಪಾಲ್ (PAL) ಪದ್ಧತಿಯ ಟಿವಿಗೂ ಹೊಂದುತ್ತದೆ. ಅಮೆರಿಕದಿಂದ ತಂದದ್ದನ್ನು ನೇರವಾಗಿ ನಮ್ಮ ಪ್ಲಗ್ಗಿಗೆ ಸಿಕ್ಕಿಸಬಾರದು, ಅದು 120 ವೋಲ್ಟ್‌ನದು.

ಜಾಯ್‌ಸ್ಟಿಕ್ ಪರೀಕ್ಷೆಗೆ ಯಾವ ಸಾಫ್ಟ್‌ವೇರೂ ಬೇಡ. ಜಾಯ್‌ಸ್ಟಿಕ್ ಸಿಕ್ಕಿಸುವ ಒಂದನೇ ಪೋರ್ಟಿನ ತಂತಿಗಳು ಕೀಬೋರ್ಡಿನ ಜೊತೆ ಹಂಚಿಕೆಯಾಗಿವೆ. ಯಂತ್ರ ಶುರುವಾದಾಗ ಬರುವ ನೀಲಿ ಪರದೆಯಲ್ಲಿ, ಒಂದನೇ ಪೋರ್ಟಿಗೆ ಸಿಕ್ಕಿಸಿ ಮೇಲಕ್ಕೆ ತಳ್ಳಿ: ಪರದೆಯ ಮೇಲೆ 1 ಮೂಡಬೇಕು. ಬಲಕ್ಕೆ ತಳ್ಳಿದರೆ 2, ಕೆಳಕ್ಕೆ ಎಳೆದರೆ ಬಾಣದ ಗುರುತು, ಗುಂಡಿ ಒತ್ತಿದರೆ ಕರ್ಸರ್ ಖಾಲಿ ಜಾಗ ಬಿಟ್ಟು ಮುಂದೆ ಸರಿಯಬೇಕು. ಎಡ ದಿಕ್ಕಿಗೆ ಈ ಪರೀಕ್ಷೆಯನ್ನು ನಂಬುವಂತಿಲ್ಲ, ಅದನ್ನು ಆಟದಲ್ಲೇ ನೋಡಿ.

ಕರಾಟೆ ಆಟಕ್ಕೆ ಮೂಲೆ ದಿಕ್ಕುಗಳೇ ಪ್ರಾಣ. ಮೂಲೆಗೆ ತಳ್ಳಿದಾಗ ಒಳಗೆ ಎರಡು ಸಂಪರ್ಕಗಳು ಒಟ್ಟಿಗೆ ಕೂಡಬೇಕು. ಒಂದಕ್ಕೆ ಕಿಲುಬು ಹಿಡಿದಿದ್ದರೂ ಗುದ್ದಬೇಕಾದವನು ಬರಿದೇ ಮುಂದಕ್ಕೆ ನಡೆದು ಏಟು ತಿನ್ನುತ್ತಾನೆ. ತಳದ ಸ್ಕ್ರೂ ಬಿಚ್ಚಿ, ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಉಜ್ಜುಕಾಗದ ಹಾಕಬೇಡಿ, ಮೇಲಿನ ಲೇಪ ಹೋಗುತ್ತದೆ. ಹೊಸದಾಗಿ ಕೊಳ್ಳುವುದಾದರೆ ‘ಟಕ್’ ಎನ್ನುವ ಮೈಕ್ರೊಸ್ವಿಚ್ ಇರುವುದನ್ನು ಆರಿಸಿ.

ಕ್ಯಾಸೆಟ್ ಲೋಡ್ ಆಗದೆ ಅರ್ಧದಲ್ಲಿ ನಿಂತರೆ ಮೊದಲು ಟೇಪನ್ನು ಓದುವ ಹೆಡ್ ಒರೆಸಿ. ಆಮೇಲೂ ನಿಂತರೆ ಹೆಡ್ಡಿನ ಪಕ್ಕದ ಓರೆ ತಿದ್ದುವ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ. ಮೊದಲಿದ್ದ ಜಾಗವನ್ನು ಗುರುತು ಮಾಡಿಕೊಳ್ಳದೆ ಮುಟ್ಟಬೇಡಿ.

ಕೊನೆಗೆ ಪರದೆ. ಪಾಲ್ ಯಂತ್ರ ಸೆಕೆಂಡಿಗೆ 50 ಚಿತ್ರ ಬಿಡಿಸುತ್ತದೆ, ಅಂದರೆ ಒಂದಕ್ಕೆ 20 ಮಿಲಿಸೆಕೆಂಡು. ಹಳೆಯ ಪಿಕ್ಚರ್ ಟ್ಯೂಬು ಸಿಗ್ನಲ್ ಬಂದ ಕ್ಷಣವೇ ತೋರಿಸುತ್ತಿತ್ತು. ಈಗಿನ ಎಲ್‌ಸಿಡಿ ಟಿವಿ ಚಿತ್ರವನ್ನು ಹಿಡಿದಿಟ್ಟು, ಸುಧಾರಿಸಿ, ಎರಡು ಮೂರು ಚಿತ್ರ ತಡವಾಗಿ ತೋರಿಸಬಹುದು. ಕಾದು ಹೊಡೆಯುವ ಆಟದಲ್ಲಿ ಈ ತಡವೇ ಸೋಲು. ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಹಳೆಯ ಟಿವಿ ಸಿಕ್ಕರೆ ಇನ್ನೂ ಒಳ್ಳೆಯದು.

ಯಂತ್ರವೇ ಇಲ್ಲದವರಿಗೆ ‘ವೈಸ್’ (VICE) ಎಂಬ ಉಚಿತ ಎಮ್ಯುಲೇಟರ್ ಇದೆ, ಅಂದರೆ ಈಗಿನ ಕಂಪ್ಯೂಟರನ್ನೇ ಹಳೆಯ ಯಂತ್ರದಂತೆ ನಡೆಸುವ ಸಾಫ್ಟ್‌ವೇರ್. ಅದರಲ್ಲಿ ಮೊದಲು ಪಾಲ್ ಆರಿಸಿ. ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಆರಿಸಿದರೆ ಪರದೆಯ ಲೆಕ್ಕದಲ್ಲಿ ಓಡುವ ಆಟ ಐದನೇ ಒಂದು ಪಾಲು ವೇಗವಾಗುತ್ತದೆ, ಕೈಗೆ ರೂಢಿಯಾದ ಲಯವೆಲ್ಲ ತಪ್ಪುತ್ತದೆ. ಜಾಯ್‌ಸ್ಟಿಕ್ ಅಲುಗದಿದ್ದರೆ ಪೋರ್ಟ್ ಅದಲುಬದಲು ಮಾಡಿ. ಇಬ್ಬರು ಆಡುವಾಗ ಒಂದೇ ಕೀಬೋರ್ಡ್ ಹಂಚಿಕೊಳ್ಳಬೇಡಿ: ಒಟ್ಟಿಗೆ ಮೂರು ನಾಲ್ಕು ಕೀ ಒತ್ತಿದರೆ ಎಷ್ಟೋ ಕೀಬೋರ್ಡುಗಳು ಒಂದನ್ನು ನುಂಗಿಬಿಡುತ್ತವೆ. 9 ಪಿನ್ನಿನ ಜಾಯ್‌ಸ್ಟಿಕ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ, ಎರಡು ತರಿಸಿಕೊಳ್ಳಿ.

ನಮಸ್ಕಾರ.