ಬಂಗಡೆಯ ದರ, ರೆಪೊ ದರ

ಕೇಳುಗರಿಗೆ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಕಾರವಾರದ ಮೀನುಪೇಟೆಯಲ್ಲಿ ಬಂಗಡೆ ತುಟ್ಟಿಯಾದರೆ ಯಾಕೆಂದು ಯಾರೂ ಕೇಳುವುದಿಲ್ಲ. ಆದರೆ ಆಗಸ್ಟಿನಲ್ಲಿ ದೋಣಿ ಹೊರಟ ಮೇಲೂ, ವರ್ಷದಿಂದ ವರ್ಷಕ್ಕೆ, ಮೀನು, ಬೇಳೆ, ಹಾಲು, ಮೊಟ್ಟೆಗಳ ಬೆಲೆ ಏರುತ್ತಲೇ ಹೋದರೆ? ರಿಸರ್ವ್ ಬ್ಯಾಂಕಿನೊಳಗಿದ್ದುಕೊಂಡೇ ಈ ಪ್ರಶ್ನೆಯನ್ನು ಎತ್ತಿದವರು ಅರ್ಥಶಾಸ್ತ್ರಜ್ಞ ಡಾ. ಸುಬೀರ್ ಗೋಕರ್ಣ. ನಮ್ಮ ತೀರದ ಗೋಕರ್ಣ ಊರು ಅವರ ಹೆಸರಿನೊಳಗೇ ಇದೆ.

1959ರಲ್ಲಿ ಹುಟ್ಟಿದ ಅವರು ಮುಂಬಯಿ, ದೆಹಲಿಗಳಲ್ಲಿ ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು. ಸಂಶೋಧನಾ ಸಂಸ್ಥೆಗಳಲ್ಲಿ, ಆಮೇಲೆ ಕಂಪನಿಗಳ ಸಾಲದ ಯೋಗ್ಯತೆ ಅಳೆಯುವ ಕ್ರಿಸಿಲ್‌ನಲ್ಲಿ ಕೆಲಸ ಮಾಡಿದರು. 2009ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆದರು, ಹಣಕಾಸು ನೀತಿಯ ಹೊಣೆ ಅವರ ಪಾಲಿಗೆ ಬಂತು. ಆಗ ಗವರ್ನರ್ ಆಗಿದ್ದವರು ಡಿ. ಸುಬ್ಬರಾವ್.

ಅವರು ಬಂದ ಹೊತ್ತು ಸುಲಭದ್ದಾಗಿರಲಿಲ್ಲ. ಬೆಲೆ ಏರಿಕೆಯನ್ನು ತಡೆಯಲು 2010ರ ಮಾರ್ಚಿನಿಂದ 2011ರ ಅಕ್ಟೋಬರಿನೊಳಗೆ ರೆಪೊ ದರವನ್ನು 13 ಸಲ ಏರಿಸಬೇಕಾಯಿತು. ಶೇಕಡಾ 4.75 ಇದ್ದದ್ದು 8.5ಕ್ಕೆ ಹೋಯಿತು. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಅಲ್ಪಾವಧಿಗೆ ಸಾಲ ಕೊಡುವ ಬಡ್ಡಿಯೇ ರೆಪೊ. ಅದು ನಮ್ಮ ಮನೆವರೆಗೆ ಹೇಗೆ ಬರುತ್ತದೆ ನೋಡಿ. 20 ವರ್ಷದ 10 ಲಕ್ಷ ರೂಪಾಯಿ ಗೃಹಸಾಲಕ್ಕೆ ಶೇಕಡಾ 8ರ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 8,364 ರೂಪಾಯಿ. ಶೇಕಡಾ 10 ಆದರೆ 9,650. ತಿಂಗಳಿಗೆ 1,286 ರೂಪಾಯಿ ಹೆಚ್ಚು. ಆ ಮನೆಯವರು ಬೈಕು, ಫ್ರಿಜ್ಜು ಕೊಳ್ಳುವುದನ್ನು ಮುಂದೂಡುತ್ತಾರೆ. ಮಕ್ಕಳ ತಟ್ಟೆಯ ಮೀನು ಕಡಿಮೆಯಾಗುವುದು ಎಲ್ಲಕ್ಕಿಂತ ಕೊನೆಗೆ.

ತೊಡಕು ಇರುವುದೇ ಇಲ್ಲಿ. 2010ರ ಅಕ್ಟೋಬರಿನಲ್ಲಿ ಗೋಕರ್ಣರು ಪ್ರೋಟೀನಿನ ಬೆಲೆಯನ್ನೇ ವಿಷಯ ಮಾಡಿಕೊಂಡು ಮಾತನಾಡಿದರು. ಆದಾಯ ಹೆಚ್ಚಿದಂತೆ ಊಟ ಬದಲಾಗುತ್ತದೆ, ಅನ್ನದ ಪಾಲು ಇಳಿದು ಬೇಳೆ, ಹಾಲು, ಮೊಟ್ಟೆ, ಮೀನಿನ ಪಾಲು ಏರುತ್ತದೆ. ಪೂರೈಕೆ ಅಷ್ಟು ಬೇಗ ಬೆಳೆಯುವುದಿಲ್ಲ. ಕಲಬುರಗಿಯ ತೊಗರಿ ಹೆಚ್ಚಾಗಿ ಮಳೆ ನಂಬಿದ ಬೆಳೆ. ಕರು ಬೆಳೆದು ಹಾಲು ಕೊಡಲು ವರ್ಷಗಳೇ ಬೇಕು. ರೆಪೊ ಏರಿಸಿದರೆ ತೊಗರಿ ಹೆಚ್ಚು ಬಿಡುವುದಿಲ್ಲ, ಬಲೆಗೆ ತಾರ್ಲೆ ಮೀನು ಹೆಚ್ಚು ಬೀಳುವುದೂ ಇಲ್ಲ.

ಹಾಗಾದರೆ ಬಡ್ಡಿ ಏರಿಸಿದ್ದೇಕೆ? ಊಟ ತುಟ್ಟಿಯಾದಾಗ ಕೂಲಿ ಏರುತ್ತದೆ. ಏರಬೇಕು, ಅದು ನ್ಯಾಯ. ದೋಣಿಯವರ ಕೂಲಿ, ಐಸಿನ ದರ, ಲಾರಿ ಬಾಡಿಗೆ, ಹೋಟೆಲಿನ ಊಟ, ಒಂದರ ಹಿಂದೆ ಒಂದು ಏರುತ್ತವೆ. ಬರುವ ವರ್ಷವೂ ಬೆಲೆ ಏರಿಯೇ ಏರುತ್ತದೆಂದು ಜನ ನಂಬಿದರೆ ಅದನ್ನು ತಡೆಯುವುದು ಕಷ್ಟ. ಈ ಎರಡನೇ ಅಲೆಯನ್ನು ಬಡ್ಡಿ ತಡೆಯಬಲ್ಲದು, ಮೊದಲನೆಯದನ್ನಲ್ಲ, ಅಂದರೆ ಊಟದ ಪದಾರ್ಥಗಳೇ ತುಟ್ಟಿಯಾಗುವುದನ್ನಲ್ಲ. ಮೊದಲನೆಯದಕ್ಕೆ ಬೀಜ, ನೀರು, ಶೀತಲಗೃಹ, ರಸ್ತೆಗಳೇ ಬೇಕು. ಕೇಂದ್ರ ಬ್ಯಾಂಕಿನವರು ತಮ್ಮ ಕೈಯ ಮಿತಿಯನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಗೋಕರ್ಣರ ಕೆಲಸದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಅದೇ ಅನಿಸುತ್ತದೆ.

ಅವರ ಕಾಲದಲ್ಲೇ ಇನ್ನೊಂದು ಗೊಂದಲವೂ ತೀರಿತು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿಟ್ಟ ಹಣಕ್ಕೆ ಸಿಗುವ ಬಡ್ಡಿ ರಿವರ್ಸ್ ರೆಪೊ. ಬ್ಯಾಂಕುಗಳಲ್ಲಿ ಹಣ ತುಂಬಿದ್ದಾಗ ರಿವರ್ಸ್ ರೆಪೊ, ಕೊರತೆಯಾದಾಗ ರೆಪೊ, ಹೀಗೆ ನಿಜವಾಗಿ ನಡೆಯುವ ದರ ಜಿಗಿದಾಡುತ್ತಿತ್ತು. 2011ರ ಮೇ ತಿಂಗಳಲ್ಲಿ ರೆಪೊ ಒಂದೇ ನೀತಿ ದರವಾಯಿತು, ರಿವರ್ಸ್ ರೆಪೊವನ್ನು ಅದಕ್ಕಿಂತ 1 ಶೇಕಡಾವಾರು ಅಂಶ ಕೆಳಗೆ ಕಟ್ಟಿದರು. ಆದರೂ ಸಾಲದ ಬಡ್ಡಿ ಬೇಗ ಬದಲಾಗಲಿಲ್ಲ. ಬ್ಯಾಂಕಿನ ಹಣ ಬಹುಪಾಲು ಠೇವಣಿಯದು, ಅದರ ಬಡ್ಡಿ ಅವಧಿ ಮುಗಿಯುವತನಕ ಅಷ್ಟೇ ಇರುತ್ತದೆ.

2012ರ ಕೊನೆಗೆ ಅವರ ಅವಧಿ ಮುಗಿಯಿತು. ಮುಂದೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಭಾರತದ ಪ್ರತಿನಿಧಿಯಾಗಿದ್ದಾಗಲೇ, 2019ರ ಜುಲೈ 30ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರಿದ್ದಾಗ ಬೆಲೆ ಏರಿಕೆ ಅಳೆಯಲು ರಿಸರ್ವ್ ಬ್ಯಾಂಕು ಮುಖ್ಯವಾಗಿ ನೋಡುತ್ತಿದ್ದದ್ದು ಸಗಟು ಬೆಲೆ ಸೂಚ್ಯಂಕ. 2004–05 ಮೂಲವರ್ಷದ ಆ ಸೂಚ್ಯಂಕದಲ್ಲಿ ಬೇಳೆ, ಹಾಲು, ಮೊಟ್ಟೆ, ಮಾಂಸ, ಮೀನುಗಳ ತೂಕ, ಅಂದರೆ ಲೆಕ್ಕದಲ್ಲಿ ಅವುಗಳ ಪಾಲು, ನೂರಕ್ಕೆ ಸುಮಾರು 6.4. 2016ರಲ್ಲಿ ಬೆಲೆ ಏರಿಕೆಗೆ ಶೇಕಡಾ 4ರ ಗುರಿ ಗೊತ್ತುಮಾಡಿದ್ದು ಗ್ರಾಹಕ ಬೆಲೆ ಸೂಚ್ಯಂಕದ ಲೆಕ್ಕದಲ್ಲಿ. 2012 ಮೂಲವರ್ಷದ ಆ ಸೂಚ್ಯಂಕದಲ್ಲಿ ಇವೇ ಪದಾರ್ಥಗಳ ತೂಕ ನೂರಕ್ಕೆ 13.

ನಮಸ್ಕಾರ.