ಟರ್ಕಿ ಕೋಳಿಯ ಹಿಕ್ಕೆಯೂ ಮೋಟುಬಾಲದ ಬೆಕ್ಕೂ

ಕೇಳುಗರೇ, ನಮಸ್ಕಾರ.

ನಮ್ಮ ಊರುಗಳಲ್ಲಿ ಮಣ್ಣು ತೋಡೋಕೆ ಯಾವ ಕಂಪನಿಯ ಯಂತ್ರ ಬಂದರೂ ಅದು ಜೆಸಿಬಿಯೇ, ಅಲ್ವಾ? ಪಕ್ಕದಲ್ಲಿ ಬೇರೆ ಹೆಸರು ಇಷ್ಟಗಲ ಬರೆದಿರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಅಮೆರಿಕದಲ್ಲೂ ಇಂಥದ್ದೇ ಒಂದು ಯಂತ್ರವಿದೆ. ಗಿಡ್ಡ ಮೈ, ನಾಲ್ಕು ಚಕ್ರ, ಮುಂದೆ ಒಂದು ಬಕೆಟ್ಟು, ಮಧ್ಯೆ ಪಂಜರದೊಳಗೆ ಕೂತ ಹಾಗೆ ಡ್ರೈವರ್. ಕಾಗದದ ಮೇಲಿನ ಹೆಸರು ಸ್ಕಿಡ್ ಸ್ಟೀರ್ ಲೋಡರ್. ಆದರೆ ಜನ ಅದನ್ನು ಕರೆಯೋದು ಬಾಬ್‌ಕ್ಯಾಟ್ ಅಂತ, ಯಾವ ಕಂಪನಿಯದ್ದಾದರೂ ಸರಿ. ಯಂತ್ರ ಹೇಗೆ ಹುಟ್ಟಿತು, ಆ ಹೆಸರು ಹೇಗೆ ಅಂಟಿತು ಅಂತ ಇವತ್ತು ಹೇಳುತ್ತೇನೆ.

ಮಿನಸೋಟಾ ರಾಜ್ಯದಲ್ಲಿ ರಾತ್ಸೆ ಅಂತ ಒಂದು ಸಣ್ಣ ಊರು. ಅಲ್ಲಿ ಸಿರಿಲ್ ಕೆಲರ್ ಮತ್ತು ಲೂಯಿ ಕೆಲರ್ ಅನ್ನುವ ಅಣ್ಣ ತಮ್ಮಂದಿರು ಒಂದು ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ವೆಲ್ಡಿಂಗು, ಕಮ್ಮಾರಿಕೆ, ಕೆಟ್ಟ ಟ್ರ್ಯಾಕ್ಟರು, ಮುರಿದ ನೇಗಿಲು, ಏನು ತಂದರೂ ಸರಿಮಾಡಿ ಕೊಡುವ ಜಾಗ. ಅವರ ಹತ್ತಿರ ಒಬ್ಬ ರೈತ ಬಂದ. ಟರ್ಕಿ ಕೋಳಿ ಸಾಕುವವನು. ಅವನ ಕಷ್ಟ ಏನಪ್ಪಾ ಅಂದರೆ, ಸಾವಿರಾರು ಕೋಳಿಗಳ ಹಿಕ್ಕೆ ಬಾಚಬೇಕು. ದೊಡ್ಡ ಟ್ರ್ಯಾಕ್ಟರ್ ಒಳಗೆ ಹೋಗುವುದಿಲ್ಲ, ಯಾಕೆಂದರೆ ಶೆಡ್ಡಿನ ತುಂಬಾ ಕಂಬಗಳು. ಸಾಲದ್ದಕ್ಕೆ ಮೇಲೊಂದು ಅಟ್ಟ ಬೇರೆ, ಅಲ್ಲೂ ಕೋಳಿಗಳೇ. ಹಾಗಾಗಿ ಅವನಿಗೆ ಬೇಕಾದದ್ದು ಅಟ್ಟ ಕುಸಿಯದಷ್ಟು ಹಗುರವಾದ, ಕಂಬದ ಸುತ್ತ ಗಿರಕ್ಕನೆ ತಿರುಗುವ ಒಂದು ಯಂತ್ರ. ಇಲ್ಲದಿದ್ದರೆ ಇದ್ದೇ ಇದೆಯಲ್ಲ, ಸಲಿಕೆ.

1957ರಲ್ಲಿ ಅಣ್ಣ ತಮ್ಮ ಅದನ್ನು ಮಾಡಿಯೇ ಕೊಟ್ಟರು. ಅದಕ್ಕಿದ್ದದ್ದು ಮೂರೇ ಚಕ್ರ. ಮುಂದಿನ ಎರಡಕ್ಕೆ ಎಂಜಿನ್ನಿನ ಬಲ. ಹಿಂದಿನದು ಆಫೀಸಿನ ಕುರ್ಚಿಗೆ ಇರುತ್ತದಲ್ಲ, ಆ ಥರ, ಎಳೆದ ಕಡೆ ತಿರುಗುವ ಚಕ್ರ. ಸ್ಟೀರಿಂಗ್ ಅಂತ ಬೇರೆ ಏನಿಲ್ಲ. ಎತ್ತಿನ ಗಾಡಿ ತಿರುಗಿಸುವಾಗ ಏನು ಮಾಡುತ್ತೇವೆ? ಒಳಗಡೆ ಎತ್ತಿನ ಹಗ್ಗ ಬಿಗಿ ಹಿಡಿದು ಹೊರಗಡೆ ಎತ್ತನ್ನು ಮುಂದಕ್ಕೆ ಬಿಡುತ್ತೇವೆ. ಇಲ್ಲೂ ಅದೇ ಲೆಕ್ಕ. ಒಂದು ಚಕ್ರ ಮುಂದೆ, ಇನ್ನೊಂದು ಹಿಂದೆ, ಯಂತ್ರ ನಿಂತಲ್ಲೇ ಬುಗುರಿ.

ಮೊದಲು ಬೆಲ್ಟು, ಪುಲಿ ಹಾಕಿದ್ದರು. ಆ ಕೆಲಸದಲ್ಲಿ ಬೆಲ್ಟು ಎಷ್ಟು ದಿನ ಬಾಳೀತು ಹೇಳಿ. ಆಮೇಲೆ ಅವರು ಕ್ಲಚ್ಚುಗಳಿಂದ ನಡೆಯುವ ಹೊಸ ಏರ್ಪಾಡು ಕಂಡುಹಿಡಿದರು, ಅದಕ್ಕೆ ಪೇಟೆಂಟೂ ಸಿಕ್ಕಿತು. ನನ್ನ ಕೇಳಿದರೆ ನಿಜವಾದ ಶೋಧನೆ ಇದೇ. ಬಕೆಟ್ ಯಾರು ಬೇಕಾದರೂ ಬೆಸುಗೆ ಹಾಕಬಹುದು, ಆದರೆ ಎರಡೂ ಕಡೆಯ ಚಕ್ರಗಳನ್ನು ಬೇರೆ ಬೇರೆಯಾಗಿ ಮುಂದಕ್ಕೂ ಹಿಂದಕ್ಕೂ ಓಡಿಸೋದು, ಅದೂ ಡ್ರೈವರ್ ಕೈಯಲ್ಲಿ ಎರಡೇ ಹಿಡಿಕೆ ಇಟ್ಟುಕೊಂಡು, ಸುಮ್ನೆ ಆಗುವ ಕೆಲಸ ಅಲ್ಲ.

ಕೆಲರ್ ಸಹೋದರರಿಗೆ ಒಬ್ಬ ಮಾವ. ಆತ ಮೆಲ್ರೋ ಕಂಪನಿಯ ಡೀಲರ್. ಈ ಮೆಲ್ರೋದವರು ಪಕ್ಕದ ನಾರ್ತ್ ಡಕೋಟಾ ರಾಜ್ಯದ ಗ್ವಿನ್ನರ್ ಅನ್ನುವ ಊರಿನವರು, ಬೇಸಾಯದ ಸಲಕರಣೆ ಮಾಡುತ್ತಿದ್ದರು. ಗ್ವಿನ್ನರ್‌ನಲ್ಲಿ ಇವತ್ತಿಗೂ ಸಾವಿರ ಜನ ಇಲ್ಲ. ಮಾವನ ಮಾತಿನಿಂದ ಪರಿಚಯವಾಗಿ, 1958ರ ಮಿನಸೋಟಾ ರಾಜ್ಯ ಜಾತ್ರೆಯಲ್ಲಿ ಮೆಲ್ರೋ ಮಳಿಗೆಯ ಮುಂದೆ ಈ ಮೂರು ಚಕ್ರದ ಯಂತ್ರ ಗಿರಗಿರ ತಿರುಗಿತು. ಜನ ಮುತ್ತಿಕೊಂಡರು. ಮೆಲ್ರೋದವರು ಯಂತ್ರ ತಯಾರಿಸುವ ಹಕ್ಕು ಪಡೆದರು, ಅಣ್ಣ ತಮ್ಮಂದಿರನ್ನೂ ಕೆಲಸಕ್ಕೆ ಸೇರಿಸಿಕೊಂಡರು.

ಈಗ ಹೆಸರಿನ ವಿಷಯ. ಮೊದಲು ಇಟ್ಟಿದ್ದು ಏನು ಗೊತ್ತಾ? ಮೆಲ್ರೋ ಸೆಲ್ಫ್ ಪ್ರೊಪೆಲ್ಡ್ ಲೋಡರ್. ಮಾಡೆಲ್ ಎಂ60. ಹೆಸರು ಹೇಳಿ ಮುಗಿಸುವ ಹೊತ್ತಿಗೆ ಗಿರಾಕಿ ಮುಂದಿನ ಮಳಿಗೆಗೆ ಹೋಗಿರುತ್ತಾನೆ! ಜೊತೆಗೆ ಒಂದು ತೊಡಕೂ ಇತ್ತು. ಶೆಡ್ಡಿನ ನೆಲದ ಮೇಲೆ ಚೆನ್ನಾಗಿದ್ದ ಮೂರನೇ ಚಕ್ರ, ಹೊರಗೆ ಕೆಸರು, ಸಡಿಲ ಮಣ್ಣು ಬಂದರೆ ಕೈಕೊಡುತ್ತಿತ್ತು. ಅದಕ್ಕೇ 1960ರಲ್ಲಿ ಹಿಂದೆಯೂ ಎರಡು ಚಕ್ರ ಹಾಕಿ, ನಾಲ್ಕಕ್ಕೂ ಬಲ ಕೊಟ್ಟು ಎಂ400 ತಂದರು. ಈಗ ಯಾವ ಚಕ್ರವೂ ಎಡಕ್ಕೋ ಬಲಕ್ಕೋ ಹೊರಳುವುದಿಲ್ಲ. ತಿರುಗಬೇಕಾದರೆ ಟೈರು ನೆಲದ ಮೇಲೆ ಜಾರಿಕೊಂಡೇ ತಿರುಗಬೇಕು. ಸ್ಕಿಡ್ ಅಂದರೆ ಆ ಜಾರುವಿಕೆಯೇ. ಟೈರಿನ ಕಥೆ ಮಾತ್ರ ಕೇಳಬೇಡಿ, ಗಟ್ಟಿ ಕಾಂಕ್ರೀಟಿನ ಮೇಲೆ ಬಳಸಿದರೆ ರಬ್ಬರ್ ಹಾಕಿ ಒರೆಸಿದ ಹಾಗೆ ಸವೆಯುತ್ತದೆ.

1962ರಲ್ಲಿ ಇನ್ನಷ್ಟು ಸುಧಾರಿಸಿದ ಎಂ440 ಬಂತು. ಇದಕ್ಕಾದರೂ ಒಳ್ಳೆ ಹೆಸರು ಇಡೋಣ ಅಂತ ಕಂಪನಿಯ ಸಿಲ್ವನ್ ಮೆಲ್ರೋ ಮತ್ತು ಮಿನಿಯಾಪೊಲಿಸ್ ಜಾಹೀರಾತು ಸಂಸ್ಥೆಯ ಲಿನ್ ಬಿಕೆಟ್ ತಲೆ ಕೆಡಿಸಿಕೊಂಡರು. ಅವರಿಗೆ ಹೊಳೆದದ್ದು ಬಾಬ್‌ಕ್ಯಾಟ್. ಉತ್ತರ ಅಮೆರಿಕದ ಕಾಡುಬೆಕ್ಕು ಅದು, ಮೋಟುಬಾಲದ್ದು. ಗಟ್ಟಿ ಜೀವ, ಚುರುಕು, ಹೇಗೆ ಬೇಕೋ ಹಾಗೆ ಮೈ ತಿರುಗಿಸುವ ಪ್ರಾಣಿ. ಜಾಹೀರಾತಿಗೂ ಈ ಮೂರು ಗುಣಗಳನ್ನೇ ಹಿಡಿದುಕೊಂಡರು. ಹಿಕ್ಕೆ ಬಾಚುವ ಯಂತ್ರಕ್ಕೆ ಬೇಟೆಯಾಡುವ ಪ್ರಾಣಿಯ ಹೆಸರು! ನಗು ಬಂದರೂ, ನೋಡಿ, ಯಂತ್ರಕ್ಕೆ ಎಷ್ಟು ಸರಿಯಾಗಿ ಕೂತಿದೆ.

ಆಮೇಲೆ ಕೇಸ್, ನ್ಯೂ ಹಾಲೆಂಡ್, ಜಾನ್ ಡಿಯರ್ ಎಲ್ಲರೂ ಇಂಥ ಲೋಡರ್ ತಂದರು. ಜನ ಮಾತ್ರ ಎಲ್ಲಕ್ಕೂ ಬಾಬ್‌ಕ್ಯಾಟ್ ಅಂದರು. 1969ರಲ್ಲಿ ಕ್ಲಾರ್ಕ್ ಕಂಪನಿ ಮೆಲ್ರೋವನ್ನು ಕೊಂಡಿತು, 1995ರಲ್ಲಿ ಇಂಗರ್‌ಸಾಲ್ ರ್‍ಯಾಂಡ್, 2007ರಲ್ಲಿ ಕೊರಿಯಾದ ಡೂಸಾನ್. ಮಾಲೀಕರು ಬದಲಾದರು, ಬೆಕ್ಕು ಉಳಿಯಿತು. ಮೆಲ್ರೋ ಅನ್ನುವ ಮನೆತನದ ಹೆಸರು ಕೂಡ ಹೋಗಿ ಕಂಪನಿಯೇ ಬಾಬ್‌ಕ್ಯಾಟ್ ಆಯಿತು.

ಕೆಲರ್ ಅನ್ನುವ ಹೆಸರು ಮಾತ್ರ ಯಂತ್ರದ ಮೇಲೆ ಬರಲೇ ಇಲ್ಲ. ಇಲ್ಲೊಂದು ತಮಾಷೆ ಕೇಳಿ. ನಮ್ಮ ಜೆಸಿಬಿ ಅಂದರೆ ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್. ಅವರೂ ಸಿರಿಲ್, ಇವರೂ ಸಿರಿಲ್. ಒಬ್ಬರ ಹೆಸರಿನ ಮೂರಕ್ಷರ ನಮ್ಮ ಹಳ್ಳಿ ಮಕ್ಕಳ ಬಾಯಲ್ಲೂ ಇದೆ. ಇನ್ನೊಬ್ಬರಿಗೆ, ಅವರ ತಮ್ಮನಿಗೂ ಸೇರಿ, ಅಮೆರಿಕದ ಶೋಧಕರ ಗೌರವ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2023ರಲ್ಲಿ. ಅಷ್ಟರಲ್ಲಿ ಇಬ್ಬರೂ ತೀರಿಕೊಂಡಿದ್ದರು.

ಈಗ ಬಾಬ್‌ಕ್ಯಾಟ್ ಕಂಪನಿ ನಮ್ಮ ಪಕ್ಕದಲ್ಲೇ, ಚೆನ್ನೈ ಹತ್ತಿರದ ಗುಮ್ಮಿಡಿಪೂಂಡಿಯಲ್ಲಿ ಕಾರ್ಖಾನೆ ಇಟ್ಟಿದೆ. ಮುಂದೆ ಬಕೆಟ್ಟು, ಹಿಂದೆ ಮಣ್ಣು ತೋಡುವ ಕೈ ಇರುವ ಯಂತ್ರಗಳನ್ನು ಅಲ್ಲಿ ಮಾಡುತ್ತಾರೆ. ಅದೇನಾದರೂ ನಿಮ್ಮ ಬೀದಿಗೆ ಬಂದರೆ ಮಕ್ಕಳು ಏನಂತ ಕೂಗುತ್ತಾರೆ ಅಂತ ನಾನು ಬೇರೆ ಹೇಳಬೇಕಾ? ಜೆಸಿಬಿ ಬಂತು, ಜೆಸಿಬಿ!

ನಮಸ್ಕಾರ.